ವೇತನ ಶ್ರೇಣಿಯ ಗರಿಷ್ಠ ದಾಟಿದ ಸಂಬಳ: ಅಪ್ಪನಿಗೆ ವಸೂಲಿ ನೋಟಿಸ್ ಬಂದಿದೆ, ತಿಳಿದವರು ಹೇಳಿ

ಕುಂದುವಾಡ ರಸ್ತೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಅಪ್ಪ ಒಂದು ಸರ್ಕಾರಿ ಇಲಾಖೆಯಲ್ಲಿ ಜೀಪ್ ಡ್ರೈವರ್. 1991ರಲ್ಲಿ ಚಿತ್ರದುರ್ಗದಲ್ಲಿ ಸೇರಿದರು. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಬೇರೆ ಜಿಲ್ಲೆ ಆಯಿತಲ್ಲ, ಆಗ ಇಲ್ಲಿಗೆ ಬಂದರು. ಅವತ್ತಿಂದ ಇವತ್ತಿನವರೆಗೂ ಡ್ರೈವರ್. ನಿವೃತ್ತಿಗೆ ಇನ್ನು ಏಳು ತಿಂಗಳು ಇದೆ.

ಪಿಂಚಣಿ ಕಾಗದ ತಯಾರು ಮಾಡುವಾಗ ಒಂದು ಆಕ್ಷೇಪಣೆ ಬಂದಿದೆ. 2022ರಲ್ಲಿ ಅಪ್ಪನ ವೇತನ ಶ್ರೇಣಿ 25,800ರಿಂದ 51,400 ಇತ್ತು. ಗರಿಷ್ಠ 51,400 ಇರುವಾಗ 2022ರ ಜನವರಿ 1ರಿಂದ 52,650 ಹೇಗೆ ಕೊಟ್ಟಿರಿ ಅಂತ ಪ್ರಶ್ನೆ. ಅಲ್ಲಿಂದ ಇಲ್ಲಿವರೆಗಿನ ವ್ಯತ್ಯಾಸ 80,000 ಚಿಲ್ಲರೆ ಆಗುತ್ತದಂತೆ. ನಿವೃತ್ತಿ ಒಳಗೆ ವಸೂಲು ಮಾಡಬೇಕು ಅಂತ ನೋಟಿಸ್ ಕೊಟ್ಟಿದ್ದಾರೆ.

ದುಡ್ಡಿನ ಮಾತು ಆಮೇಲೆ. ಅಪ್ಪ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಪ್ರತಿ ಸಂಜೆ ಗಾಡಿ ನಿಲ್ಲಿಸಿ, ಮೀಟರ್ ನೋಡಿ, ಲಾಗ್ ಬುಕ್ ಬರೆದು ಸಹಿ ಹಾಕಿಸಿಕೊಂಡೇ ಮನೆಗೆ ಬರುತ್ತಿದ್ದ ಮನುಷ್ಯ. ಒಂದು ಕಿಲೋಮೀಟರ್ ಜಾಸ್ತಿ ಬರೆದವರಲ್ಲ. ನಿನ್ನೆ ರಾತ್ರಿ ನನ್ನನ್ನು ಕೇಳಿದರು: "ಹಂಗಾದ್ರೆ ನಾನು ಸರ್ಕಾರದ ದುಡ್ಡು ತಿಂದೆನಾ?" ಏನು ಉತ್ತರ ಕೊಡಬೇಕೋ ಗೊತ್ತಾಗಲಿಲ್ಲ. ಯಾರಾದರೂ ತಿಳಿದವರು ಹೇಳಿ.

ಹಳೇ ಸಿಬ್ಬಂದಿ ಶಾಖೆ

ನೋಡಮ್ಮ, ಮೊದಲು ಅಪ್ಪನಿಗೆ ಊಟ ಮಾಡೋಕೆ ಹೇಳು. ಗರಿಷ್ಠದ ಮೇಲೆ ಸಂಬಳ ತಗೊಂಡಿದ್ದು ತಪ್ಪಲ್ಲ. ಅದಕ್ಕೆ ನಿಯಮದಲ್ಲೇ ದಾರಿ ಇದೆ. ನಾನು ಇಪ್ಪತ್ತು ವರ್ಷ ಸಿಬ್ಬಂದಿ ಶಾಖೆಯಲ್ಲಿ ಇದೇ ಕೆಲಸ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಪ್ರತಿ ಹುದ್ದೆಗೂ ಒಂದು ವೇತನ ಶ್ರೇಣಿ. ಅದಕ್ಕೊಂದು ಕನಿಷ್ಠ, ಒಂದು ಗರಿಷ್ಠ. ವರ್ಷಕ್ಕೊಂದು ವೇತನ ಬಡ್ತಿ, ಅಂದರೆ ಸಂಬಳದ ಏರಿಕೆ, ಸೇರುತ್ತಾ ಒಂದು ದಿನ ನೌಕರ ಗರಿಷ್ಠಕ್ಕೆ ಬಂದು ನಿಲ್ಲುತ್ತಾನೆ. ಮುಂಬಡ್ತಿ ಸಿಕ್ಕಿದರೆ ಮೇಲಿನ ಶ್ರೇಣಿಗೆ ಹೋಗುತ್ತಾನೆ. ಸಿಗದಿದ್ದರೆ? ಅಲ್ಲಿಗೇ ನಿಂತು ಹೋಗಬಾರದು ಅಂತಲೇ ಸ್ಥಗಿತ ವೇತನ ಬಡ್ತಿ ಇರುವುದು. ಆಫೀಸಿನಲ್ಲಿ ನಾವೆಲ್ಲ ಸ್ಟ್ಯಾಗ್ನೇಷನ್ ಇನ್‌ಕ್ರಿಮೆಂಟ್ ಅನ್ನುತ್ತೇವೆ. ಗರಿಷ್ಠದಲ್ಲಿ ಒಂದು ವರ್ಷ ಕಳೆದ ಮೇಲೆ, ಆ ಶ್ರೇಣಿಯಲ್ಲಿ ಕೊನೆಗೆ ಪಡೆದ ಬಡ್ತಿ ಎಷ್ಟೋ ಅಷ್ಟನ್ನೇ ಕೊಡುತ್ತಾರೆ. 2018ರ ಶ್ರೇಣಿಯಲ್ಲಿ 46,400 ದಾಟಿದ ಮೇಲೆ ಒಂದೊಂದು ಮೆಟ್ಟಿಲು 1,250 ರೂಪಾಯಿ. 51,400ಕ್ಕೆ 1,250 ಸೇರಿಸು. 52,650 ಬಂತಲ್ವಾ? ನಿಮ್ಮ ಅಪ್ಪನಿಗೆ ಯಾರೋ ಮನಸ್ಸಿಗೆ ಬಂದಷ್ಟು ಕೊಟ್ಟಿಲ್ಲ. ಲೆಕ್ಕ ರೂಪಾಯಿಗೆ ರೂಪಾಯಿ ಸರಿ ಇದೆ.

ಇನ್ನೊಂದು ವಿಷಯ. ತುಟ್ಟಿ ಭತ್ಯೆಯ (ಡಿಎ) ಆದೇಶ ಬಂದಾಗ ಎಲ್ಲರೂ ಶೇಕಡಾ ಎಷ್ಟು ಅಂತ ನೋಡಿ ಮೊಬೈಲ್ ಕೆಳಗಿಡುತ್ತೇವೆ. ಅದೇ ಆದೇಶದಲ್ಲಿ ಮೂಲ ವೇತನ ಎಂದರೇನು ಅಂತ ಒಂದು ಕಂಡಿಕೆ ಇರುತ್ತದೆ. ಅದನ್ನು ಓದು. ಶ್ರೇಣಿಯಲ್ಲಿ ಪಡೆಯುವ ವೇತನದ ಜೊತೆಗೆ, ಶ್ರೇಣಿಯ ಗರಿಷ್ಠಕ್ಕಿಂತ ಮೇಲೆ ಮಂಜೂರಾದ ಸ್ಥಗಿತ ವೇತನ ಬಡ್ತಿಯೂ ಮೂಲ ವೇತನದೊಳಗೇ ಬರುತ್ತದೆ ಅಂತ ಅಲ್ಲಿ ಬರೆದಿದೆ. ಪರಿಷ್ಕೃತ ವೇತನ ನಿಯಮ 7ರ ಉಪನಿಯಮ 3ರ ಪ್ರಕಾರ ಕೊಟ್ಟ ವೈಯಕ್ತಿಕ ವೇತನವೂ ಬರುತ್ತದೆ. ಸರ್ಕಾರವೇ ವರ್ಷಕ್ಕೆ ಎರಡು ಸಲ ಹೇಳುತ್ತಿರುವ ಮಾತು ಇದು.

ಹಾಗಾದರೆ ನೋಟಿಸ್ ಯಾಕೆ ಬಂತು? ನನ್ನ ಅಂದಾಜು, ಸೇವಾ ವಹಿಯಲ್ಲಿ (ನೌಕರನ ಸೇವೆ, ಸಂಬಳದ ದಾಖಲೆ ಪುಸ್ತಕ) ಬಡ್ತಿ ಬರೆದಿದ್ದಾರೆ, ಮಂಜೂರಾತಿ ಆದೇಶದ ನಂಬರ್ ಬರೆದಿಲ್ಲ. ಸಾಮಾನ್ಯ ವಾರ್ಷಿಕ ಬಡ್ತಿ ಗರಿಷ್ಠದಲ್ಲಿ ನಿಂತು ಬಿಡುತ್ತದೆ. ಸ್ಥಗಿತ ಬಡ್ತಿಗೆ ಅಧಿಕಾರಿ ಸಹಿ ಮಾಡಿದ ಅಧಿಕೃತ ಜ್ಞಾಪನ ಬೇಕು. ಎಚ್‌ಆರ್‌ಎಂಎಸ್‌ನಲ್ಲಿ (ಸಂಬಳ ಬಿಲ್ಲಿನ ಕಂಪ್ಯೂಟರ್ ವ್ಯವಸ್ಥೆ) ಏರಿಸಿಬಿಟ್ಟು, ಕಾಗದ ಮರೆತಿರುತ್ತಾರೆ. ನಾಲ್ಕು ವರ್ಷ ಯಾರೂ ಕೇಳುವುದಿಲ್ಲ. ಪಿಂಚಣಿ ಹೊತ್ತಿಗೆ ಎದ್ದು ಕೂರುತ್ತದೆ.

ಅಪ್ಪನ ಸೇವಾ ವಹಿ ನೋಡೋಕೆ ಆಗುತ್ತಾ? ಆ ಪುಟದ ಮೇಲೆ ಏನಿದೆ ಅಂತ ಬರೆ.

ಪಿ.ಜೆ. ಬಡಾವಣೆ

ಮೇಲಿನ ಸರ್ ಹೇಳಿದ್ದು ಸರಿ. ನಾನು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರ ಹುದ್ದೆ). ನಮ್ಮಲ್ಲೂ ಇಂಥದ್ದೇ ಆಗಿ ಆಮೇಲೆ ಸರಿ ಹೋಯಿತು. ವಸೂಲಿಗೆ ಒಪ್ಪಿಗೆ ಅಂತ ಯಾವುದೇ ಕಾಗದಕ್ಕೆ ಈಗ ಸಹಿ ಹಾಕಬೇಡಿ ಅಕ್ಕ. ಇದು ಮುಖ್ಯ.

ಮಂಡಿಪೇಟೆ

ನಾನು ವ್ಯಾಪಾರಸ್ಥ. ಈ ತಂಗಿಯ ಅಪ್ಪನ ಬಗ್ಗೆ ನನಗೆ ಗೌರವ ಇದೆ, ತಪ್ಪು ತಿಳಿಯಬೇಡಿ. ಆದರೂ ಕೇಳಬೇಕು ಅನ್ನಿಸಿತು. ಹುದ್ದೆಗೆ ಇಷ್ಟು ಅಂತ ಗರಿಷ್ಠ ಕಟ್ಟಿದ್ದು ಸರ್ಕಾರವೇ. ಅದರ ಮೇಲೂ ಕೊಡುವುದಾದರೆ ಗರಿಷ್ಠ ಅಂತ ಯಾಕೆ ಬೇಕು? ನನ್ನ ಅಂಗಡಿಯಲ್ಲಿ ಹದಿನೈದು ವರ್ಷದಿಂದ ಇರುವ ಹುಡುಗನಿಗೆ ನಾನು ಸಂಬಳ ಏರಿಸಬೇಕಾದರೆ ವ್ಯಾಪಾರ ಏರಬೇಕು. ಇಲ್ಲಿ ಕೆಲಸ ಅದೇ, ಜೀಪು ಅದೇ, ಸಂಬಳ ಮಾತ್ರ ಏರುತ್ತಾ ಹೋಗುತ್ತದೆ. ತೆರಿಗೆ ಕಟ್ಟುವವನಾಗಿ ಕೇಳುತ್ತಿದ್ದೇನೆ.

ಜಗಳೂರಿನವಳು

ಮಂಡಿಪೇಟೆ ಅಣ್ಣನಿಗೆ ಉತ್ತರ ಕೊಡಲೇಬೇಕು. ಬೈಯೋಕಲ್ಲ, ಲೆಕ್ಕ ಹೇಳೋಕೆ.

2018ರ ಡಿ ಗ್ರೂಪ್ ಶ್ರೇಣಿ 17,000ದಿಂದ 28,950. ಮೊದಲು 400, ಆಮೇಲೆ 450, 500, 550, 600, 650 ಹೀಗೆ ಮೆಟ್ಟಿಲು. ಕನಿಷ್ಠದಿಂದ ಗರಿಷ್ಠಕ್ಕೆ 23 ಬಡ್ತಿ. ಇಪ್ಪತ್ತನೇ ವಯಸ್ಸಿಗೆ ಅಟೆಂಡರ್ ಆಗಿ ಸೇರಿದವಳು, ಬೇರೆ ಯಾವ ಅನುಕೂಲವೂ ಇಲ್ಲ ಅಂದುಕೊಳ್ಳಿ, 43ಕ್ಕೆ ಗರಿಷ್ಠ ಮುಟ್ಟುತ್ತಾಳೆ. ನಿವೃತ್ತಿ 60ಕ್ಕೆ. ಉಳಿದ 17 ವರ್ಷ ಒಂದು ರೂಪಾಯಿ ಬಡ್ತಿ ಇಲ್ಲದೆ ದುಡಿಯಬೇಕಾ? ಮಕ್ಕಳ ಕಾಲೇಜು, ಮದುವೆ, ಅತ್ತೆ ಮಾವನ ಆಸ್ಪತ್ರೆ ಎಲ್ಲಾ ಬರುವುದು ಆ ವಯಸ್ಸಿನಲ್ಲೇ.

ಇದಕ್ಕೇ 10 ವರ್ಷಕ್ಕೆ ಕಾಲಬದ್ಧ ಮುಂಬಡ್ತಿ, 15 ವರ್ಷಕ್ಕೆ ಹಿರಿಯ ಶ್ರೇಣಿ, 20 ವರ್ಷ ಆದವರಿಗೆ ಹೆಚ್ಚುವರಿ ಬಡ್ತಿ ಅಂತ ಮಾಡಿದ್ದು. ಹುದ್ದೆ ಮೇಲೆ ಹೋಗುವುದಿಲ್ಲ, ಸಂಬಳದ ಶ್ರೇಣಿ ಮಾತ್ರ ಹೋಗುತ್ತದೆ. ಈ ತಂಗಿಯ ಅಪ್ಪ 21,400ರ ಶ್ರೇಣಿಯಿಂದ 25,800ರ ಶ್ರೇಣಿಗೆ ಬಂದಿದ್ದು ಹೀಗೇ ಇರಬೇಕು. ಅದನ್ನೂ ಮುಗಿಸಿ ಗರಿಷ್ಠಕ್ಕೆ ಬಂದಿದ್ದಾರೆ ಅಂದರೆ ಮೂವತ್ತು ವರ್ಷ ಒಂದೇ ಸೀಟಿನಲ್ಲಿ ಕೂತು ಗಾಡಿ ಓಡಿಸಿದ್ದಾರೆ ಅಂತ ಅರ್ಥ. ಡ್ರೈವರಿಗೆ ಮುಂಬಡ್ತಿ ಕೊಡೋಕೆ ಮೇಲೆ ಹುದ್ದೆಗಳೇ ಕಡಿಮೆ ಅಣ್ಣ. ಏಣಿ ಗಿಡ್ಡ ಇದ್ದಿದ್ದು ಅವರ ತಪ್ಪಲ್ಲ.

ಸ್ಥಗಿತ ಬಡ್ತಿಗೂ ಮಿತಿ ಇದೆ. ಇಷ್ಟು ಸಲ ಅಂತ ವೇತನ ಆದೇಶದಲ್ಲೇ ಇರುತ್ತದೆ. ಕೊನೇ ತನಕ ಏರುತ್ತಾ ಹೋಗುವುದಿಲ್ಲ.

ಮಂಡಿಪೇಟೆ

17 ವರ್ಷದ ಲೆಕ್ಕ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಹಾಗಾದರೆ ಶ್ರೇಣಿಯನ್ನೇ ಉದ್ದ ಮಾಡಬಹುದಿತ್ತಲ್ಲ, ಈ ಗೊಂದಲವೇ ಇರುತ್ತಿರಲಿಲ್ಲ ಅನ್ನುವುದು ನನ್ನ ಮಾತು.

ಹರಿಹರ ರೈಲ್ವೆ

ಅಣ್ಣ ಕೇಳಿದ್ದನ್ನು ಕೇಂದ್ರ ಸರ್ಕಾರ ಮಾಡಿದೆ. ನಾನು ರೈಲ್ವೆಯವನು. ಹಿಂದೆ ನಮಗೂ ಗರಿಷ್ಠಕ್ಕೆ ಬಂದು ನಿಂತವರಿಗೆ ಎರಡು ವರ್ಷಕ್ಕೊಂದರಂತೆ ಮೂರು ಸ್ಟ್ಯಾಗ್ನೇಷನ್ ಇನ್‌ಕ್ರಿಮೆಂಟ್ ಇತ್ತು. 2016ರಿಂದ ಪೇ ಮ್ಯಾಟ್ರಿಕ್ಸ್, ಅಂದರೆ ಸಂಬಳದ ಕೋಷ್ಟಕ, ಬಂತು. ಲೆವೆಲ್ 1 ಅಂದರೆ 18,000ದಿಂದ 56,900, ಅದರಲ್ಲಿ 40 ಮನೆ. ಕೆಳಗಿನ ಮನೆಯಿಂದ ಮೇಲಿನ ಮನೆಗೆ 39 ವರ್ಷ ಬೇಕು. 10, 20, 30 ವರ್ಷಕ್ಕೆ ಎಂಎಸಿಪಿಯಲ್ಲಿ (ಹುದ್ದೆ ಬದಲಾಗದೆ ಸಂಬಳ ಏರುವ ಯೋಜನೆ) ಮೇಲಿನ ಲೆವೆಲ್‌ಗೆ ಹೋಗುತ್ತೇವೆ. ಹಾಗಾಗಿ ಕೆಳಗಿನ ಲೆವೆಲ್‌ಗಳಲ್ಲಿ ಗರಿಷ್ಠ ಮುಟ್ಟಿ ನಿಂತವರನ್ನು ನಾನಂತೂ ನೋಡಿಲ್ಲ.

ವಿದ್ಯಾನಗರ

ನನ್ನ ತಂಗಿ ಗಂಡ ಅಮೆರಿಕದ ಕೇಂದ್ರ ಸರ್ಕಾರದ ಆಸ್ಪತ್ರೆಯಲ್ಲಿದ್ದಾರೆ. ಅವರಲ್ಲಿ ಇಲಾಖೆ ಪುನರ್ರಚನೆ ಆಗಿ ಹುದ್ದೆ ಕೆಳಗಿಳಿದರೆ, ಅರ್ಹತೆ ಇದ್ದವರಿಗೆ ಎರಡು ವರ್ಷ ಹಳೇ ದರ್ಜೆಯನ್ನೇ ಉಳಿಸಿಕೊಡುತ್ತಾರೆ. ಆಮೇಲೆ ಹೊಸ ದರ್ಜೆಯ ಗರಿಷ್ಠಕ್ಕಿಂತ ಸಂಬಳ ಜಾಸ್ತಿ ಇದ್ದರೂ ಕಡಿಮೆ ಮಾಡುವುದಿಲ್ಲ. ಆದರೆ ಗರಿಷ್ಠ ಎಷ್ಟು ಏರಿತೋ ಅದರ ಅರ್ಧ ಮಾತ್ರ ಇವರಿಗೆ ಏರುತ್ತದೆ. ನಿಧಾನಕ್ಕೆ ಶ್ರೇಣಿ ಬಂದು ಇವರ ಸಂಬಳ ಹಿಡಿಯುವವರೆಗೆ ಹಾಗೇ. ಒಟ್ಟು ಗರಿಷ್ಠದ ಶೇ. 150 ದಾಟುವಂತಿಲ್ಲ. ತಪ್ಪು ಮಾಡಿ ಹಿಂಬಡ್ತಿ ಆದವರಿಗೆ ಇದು ಇಲ್ಲ. ನಮ್ಮಲ್ಲಿ ಗರಿಷ್ಠದ ಮೇಲೂ ಪೂರ್ತಿ ಬಡ್ತಿ ಕೊಡುತ್ತಾರೆ. ಅಷ್ಟರಮಟ್ಟಿಗೆ ನಮ್ಮ ನಿಯಮವೇ ಉದಾರ ಅನ್ನಿಸುತ್ತದೆ.

ಹಳೇ ಸಿಬ್ಬಂದಿ ಶಾಖೆ

ವಿದ್ಯಾನಗರದವರು ಹೇಳಿದ್ದಕ್ಕೆ ಹತ್ತಿರದ್ದು ನಮ್ಮಲ್ಲಿ ವೈಯಕ್ತಿಕ ವೇತನ. ವೇತನ ಪರಿಷ್ಕರಣೆಯಲ್ಲೋ ಬೇರೆ ಕಾರಣಕ್ಕೋ ಸಂಬಳ ಕಡಿಮೆ ಆಗುವಂತಿದ್ದರೆ, ಆ ನಷ್ಟ ತುಂಬಲು ಕೊಡುವುದು. ಕೇಂದ್ರದ ಮೂಲಭೂತ ನಿಯಮಗಳು 1922ರಿಂದ ಇವೆ, ಅಲ್ಲೇ ಈ ಪದ ಇದೆ. ಅಲ್ಲಿನ ನಿಯಮದಂತೆ ಮುಂದೆ ಸಂಬಳ ಎಷ್ಟು ಏರುತ್ತದೋ ಅಷ್ಟು ವೈಯಕ್ತಿಕ ವೇತನ ಕರಗುತ್ತದೆ. ಶಿಸ್ತು ಕ್ರಮದಲ್ಲಿ ಇಳಿದವರಿಗೆ ನಮ್ಮಲ್ಲೂ ಇದು ಸಿಗುವುದಿಲ್ಲ.

ಈಗ ನಿನ್ನ ಅಪ್ಪನ ವಿಷಯಕ್ಕೆ ಬರುತ್ತೇನೆ ಮಗಳೇ. 7ನೇ ರಾಜ್ಯ ವೇತನ ಆಯೋಗದ ಲೆಕ್ಕ 2022ರ ಜುಲೈ 1ರಂದು ಇದ್ದ ಮೂಲ ವೇತನದ ಮೇಲೆ ನಿಂತಿದೆ, ಹಣ ಕೈಗೆ ಬಂದಿದ್ದು 2024ರ ಆಗಸ್ಟ್ 1ರಿಂದ. 2022ರ ಜುಲೈ 1ರಂದು ಅಪ್ಪನ ಮೂಲ ವೇತನ 52,650. ಅದಕ್ಕೆ ಶೇ. 31 ತುಟ್ಟಿ ಭತ್ಯೆ 16,321.50. ಶೇ. 27.5 ಫಿಟ್‌ಮೆಂಟ್, ಅಂದರೆ ಪರಿಷ್ಕರಣೆಯ ಏರಿಕೆ, 14,478.75. ಕೂಡಿದರೆ 83,450. ಹೊಸ ಶ್ರೇಣಿ 41,300ರಿಂದ 81,800. ಅಂದರೆ ಹಳೇ ಶ್ರೇಣಿಯಲ್ಲಿ ಗರಿಷ್ಠ ದಾಟಿದವರು ಹೊಸದರಲ್ಲೂ ದಾಟಿಯೇ ನಿಲ್ಲುತ್ತಾರೆ. ವ್ಯತ್ಯಾಸ 1,650. ಪೂರ್ತಿ ಸೇವೆ ಇದ್ದವರಿಗೆ ಪಿಂಚಣಿ ಕೊನೆಯ ಮೂಲ ವೇತನದ ಅರ್ಧ. ಈ ಒಂದು ಬಡ್ತಿ ಹೊಡೆದು ಹಾಕಿದರೆ ತಿಂಗಳಿಗೆ 825, ಅದರ ಮೇಲಿನ ತುಟ್ಟಿ ಭತ್ಯೆ, ಅಪ್ಪ ಇರುವವರೆಗೂ ಹೋಯಿತು. ಆಮೇಲೆ ಅಮ್ಮನ ಕುಟುಂಬ ಪಿಂಚಣಿಗೂ ಅದೇ ಏಟು. 80,000 ಕಟ್ಟಿ ಕೈ ತೊಳೆದುಕೊಳ್ಳೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಬಡ್ತಿ ಉಳಿಸಿಕೊಳ್ಳುವುದು ವಸೂಲಿ ತಪ್ಪಿಸುವುದಕ್ಕಿಂತ ದೊಡ್ಡದು.

ಹಿರಿಯೂರು

ನನ್ನ ಅಣ್ಣನ ಕಥೆ ಬೇರೆ, ಆದರೆ ಇಲ್ಲಿಗೇ ಸೇರುತ್ತದೆ. ಅವನೂ ಡ್ರೈವರ್, ಬಸ್ಸಿಗೆ. ಸಂಸ್ಥೆಯ ಹೆಸರು ಬೇಡ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಯಿತು. ಗಾಡಿ ಓಡಿಸೋಕೆ ಅನರ್ಹ ಅಂತ ಬರೆದರು. ಆಫೀಸ್ ಸಹಾಯಕನ ಕೆಲಸ ಕೊಟ್ಟು, ಸಂಬಳವೂ ಆ ಹುದ್ದೆಯ ಶ್ರೇಣಿಗೆ ಇಳಿಯುತ್ತದೆ ಅಂದರು. ಮನೆಯವರೆಲ್ಲ ಹೌದು ಅಂತಲೇ ನಂಬಿದ್ದೆವು.

ಆಮೇಲೆ ಒಬ್ಬ ವಕೀಲರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 20 ತೋರಿಸಿದರು. ಸೇವೆಯಲ್ಲಿರುವಾಗ ಅಂಗವಿಕಲರಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಬೇರೆ ಹುದ್ದೆಗೆ ಹಾಕಿದರೂ ಅದೇ ವೇತನ ಶ್ರೇಣಿ, ಅದೇ ಸೌಲಭ್ಯ. ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಮಾಡಿ ಇಟ್ಟುಕೊಳ್ಳಬೇಕು. ಈಗ ಅಣ್ಣ ಕಡತ ಹೊರುತ್ತಾನೆ, ಡ್ರೈವರ್ ಸಂಬಳ ಬರುತ್ತದೆ. ಪಕ್ಕದ ಟೇಬಲ್ಲಿನವರು "ನಿಂಗ್ಯಾಕೆ ಇಷ್ಟು" ಅಂತ ಮೊದಮೊದಲು ಕೇಳುತ್ತಿದ್ದರು. ಅವನು ಆ ಆದೇಶದ ಜೆರಾಕ್ಸ್ ಮಡಚಿ ಜೇಬಿನಲ್ಲೇ ಇಟ್ಟುಕೊಂಡಿದ್ದ. ಈಗಲೂ ಇಟ್ಟುಕೊಂಡಿದ್ದಾನೆ. ಮಡಿಕೆ ಬಿದ್ದ ಕಡೆ ಅಕ್ಷರ ಹೋಗಿದೆ.

ತಂಗಿ, ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು.

ಪಿ.ಜೆ. ಬಡಾವಣೆ

ವಸೂಲಿ ಬಗ್ಗೆ ಕೋರ್ಟ್ ಏನು ಹೇಳಿದೆ ಅಂತ ಬರೆಯುತ್ತೇನೆ, ಮನವಿ ಬರೆಯುವಾಗ ಬೇಕಾಗುತ್ತದೆ. 2014ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಪಂಜಾಬ್ ರಾಜ್ಯ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಇಲಾಖೆಯೇ ತಪ್ಪಾಗಿ ಜಾಸ್ತಿ ಕೊಟ್ಟಿದ್ದರೂ ಸಿ ಮತ್ತು ಡಿ ಗುಂಪಿನ ನೌಕರರಿಂದ ವಸೂಲು ಮಾಡುವಂತಿಲ್ಲ. ನಿವೃತ್ತರಾದವರಿಂದ, ಒಂದು ವರ್ಷದೊಳಗೆ ನಿವೃತ್ತಿ ಇರುವವರಿಂದಲೂ ಇಲ್ಲ. ಐದು ವರ್ಷಕ್ಕಿಂತ ಹಿಂದಿನಿಂದ ಕೊಡುತ್ತಾ ಬಂದಿದ್ದರೂ ಇಲ್ಲ. ಡ್ರೈವರ್ ಅಂದರೆ ಸಿ ಗುಂಪು. ಇನ್ನು ಏಳು ತಿಂಗಳು ಅಂದಿರಿ. ಎರಡು ಕಾರಣ ಸಿಕ್ಕಿತು.

ಒಂದು ಎಚ್ಚರಿಕೆ. 2016ರಲ್ಲಿ ಜಗದೇವ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟ್, ವೇತನ ಪರಿಷ್ಕರಣೆ ವೇಳೆ "ಜಾಸ್ತಿ ಬಂದರೆ ಹಿಂದಿರುಗಿಸುತ್ತೇನೆ" ಅಂತ ಮುಚ್ಚಳಿಕೆ ಬರೆದುಕೊಟ್ಟವರು ಕಟ್ಟಬೇಕು ಅಂದಿದೆ. ಅವರು ನ್ಯಾಯಾಂಗ ಅಧಿಕಾರಿ, ಡ್ರೈವರ್ ಅಲ್ಲ. ಆದರೂ ಅಪ್ಪ ಅಂಥದ್ದಕ್ಕೆ ಸಹಿ ಹಾಕಿದ್ದಾರಾ ಅಂತ ನೋಡಿಕೊಳ್ಳಿ. ಅದಕ್ಕೇ ಮೊದಲೇ ಹೇಳಿದ್ದು ಸಹಿ ಬೇಡ ಅಂತ.

ಹೊನ್ನಾಳಿ ಕಡೆ

ನಡುವೆ ಬಂದೆ, ಕ್ಷಮಿಸಿ. ಅಮ್ಮ ಜೂನ್ 30ಕ್ಕೆ ನಿವೃತ್ತರಾದರು, ಬಡ್ತಿ ಜುಲೈ 1ಕ್ಕೆ ಇತ್ತು. ಒಂದು ದಿನಕ್ಕೆ ಹೋಯಿತು ಅಂದರು. ಇದಕ್ಕೇನಾದರೂ ಇದೆಯಾ?

ಪಿ.ಜೆ. ಬಡಾವಣೆ

ಇದೆ. 2023ರ ಏಪ್ರಿಲ್ 11ರ ಸುಪ್ರೀಂ ಕೋರ್ಟ್ ತೀರ್ಪು. ನಮ್ಮ ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ನೌಕರರದ್ದೇ ಪ್ರಕರಣ, ಸಿ.ಪಿ. ಮುಂಡಿನಮನಿ ಅಂತ ಹುಡುಕಿ. ವರ್ಷ ಪೂರ್ತಿ ದುಡಿದು ಗಳಿಸಿದ ಬಡ್ತಿಯನ್ನು ಮಾರನೇ ದಿನ ನಿವೃತ್ತರು ಅನ್ನುವ ಕಾರಣಕ್ಕೆ ತಪ್ಪಿಸುವಂತಿಲ್ಲ ಅಂತ ಇದೆ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ.

ಕುಂದುವಾಡ ರಸ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಹಿರಿಯೂರಿನ ಅಣ್ಣನ ವಿಷಯ ಬಂದಾಗ ಎರಡು ಸಲ ಓದಿಸಿದರು.

ನಿನ್ನೆ ಅವರ ಜೊತೆ ಆಫೀಸಿಗೆ ಹೋಗಿದ್ದೆ. ಸೇವಾ ವಹಿ ತೋರಿಸಿದರು. ಮೊದಲ ಸಲ ನೋಡಿದ್ದು ನಾನು. ರಟ್ಟು ಕಿತ್ತು ಬಂದು, ಬೆನ್ನಿಗೆ ಕಂದು ಟೇಪ್ ಹಚ್ಚಿದ್ದಾರೆ. ಮೊದಲ ಪುಟದಲ್ಲಿ ಅಪ್ಪನ ಬೆರಳಿನ ಗುರುತು, ಎತ್ತರ, ಎಡ ಹುಬ್ಬಿನ ಮೇಲಿನ ಗಾಯದ ಗುರುತು. ಫೋಟೋದಲ್ಲಿ ಕೂದಲು ದಟ್ಟವಾಗಿದೆ. ಚಿತ್ರದುರ್ಗದ ಸೀಲು ನೇರಳೆ ಬಣ್ಣಕ್ಕೆ ತಿರುಗಿದೆ.

2022ರ ಪುಟ ಹಳೇ ಸಿಬ್ಬಂದಿ ಶಾಖೆ ಸರ್ ಹೇಳಿದ ಹಾಗೇ ಇದೆ. ನೀಲಿ ಇಂಕಿನಲ್ಲಿ 1-1-2022, 52,650. ಪಕ್ಕದಲ್ಲಿ ಅಧಿಕಾರಿಯ ಚಿಕ್ಕ ಸಹಿ ಇದೆ. ಆದೇಶದ ನಂಬರ್ ಬರೆಯುವ ಜಾಗ ಖಾಲಿ. ಅದಕ್ಕೂ ಮೇಲಿನ ಸಾಲಿನಲ್ಲಿ, 10 ವರ್ಷದ್ದು, 15 ವರ್ಷದ್ದು, ಎಲ್ಲಾ ಕಡೆ ನಂಬರ್ ಇದೆ. ಇದೊಂದರಲ್ಲೇ ಇಲ್ಲ.

ಈಗಿನ ಗುಮಾಸ್ತೆ ಒಳ್ಳೆಯ ಹೆಣ್ಣುಮಗಳು. ಆವಾಗ ತಾನು ಇಲ್ಲಿರಲಿಲ್ಲ ಅಂದರು. ಆದರೂ ಬೀರು ತೆಗೆದು 2022ರ ಸಂಬಳ ಬಿಲ್ಲಿನ ಕಡತ ಹುಡುಕಿದರು. ಒಂದೂವರೆ ಗಂಟೆ ಆಯಿತು. ಫೆಬ್ರವರಿ ಬಿಲ್ಲಿನ ಹಿಂದೆ ಪಿನ್ ಹಾಕಿ ಇಟ್ಟಿದ್ದರು. ಅಧಿಕೃತ ಜ್ಞಾಪನ, ಒಂದೇ ಹಾಳೆ. ಮೂವರ ಹೆಸರಿದೆ, ಅಪ್ಪನದು ಎರಡನೆಯದು. "ಸ್ಥಗಿತ ವೇತನ ಬಡ್ತಿ ಮಂಜೂರು ಮಾಡಿದೆ" ಅಂತ ಸಾಲು. ಪಿನ್ ತುಕ್ಕು ಹಿಡಿದು ಹಾಳೆಗೆ ಕಂದು ಕಲೆ ಆಗಿದೆ. ಅಪ್ಪ ಕನ್ನಡಕ ಹಾಕಿಕೊಂಡು ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಸುಮ್ನೆ ನಿಂತಿದ್ದರು.

ಹಳೇ ಸಿಬ್ಬಂದಿ ಶಾಖೆ

ಸಿಕ್ಕಿತಲ್ಲ! ಓದಿ ನನಗೂ ಕಣ್ಣು ತುಂಬಿತು ಮಗಳೇ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಆ ಜ್ಞಾಪನದ ನಂಬರ್, ದಿನಾಂಕ ಸೇವಾ ವಹಿಯಲ್ಲಿ ಬರೆಸಿ ಈಗಿನ ಅಧಿಕಾರಿಯ ಸಹಿ ಹಾಕಿಸಿ. ಹಳೇ ಬರಹ ತಿದ್ದಬೇಡಿ, ಹೊಡೆದು ಹಾಕಬೇಡಿ, ಷರಾ ಕಾಲಂನಲ್ಲಿ ಹೊಸದಾಗಿ ಬರೆಯಲಿ. ನೋಟಿಸ್‌ಗೆ ಅಪ್ಪ ಲಿಖಿತ ಉತ್ತರ ಕೊಟ್ಟು ಜ್ಞಾಪನದ ದೃಢೀಕೃತ ಪ್ರತಿ ಲಗತ್ತಿಸಬೇಕು. ಸ್ವೀಕೃತಿ ಸೀಲು ಹಾಕಿಸಿಕೊಂಡ ಒಂದು ಪ್ರತಿ ಮನೆಯಲ್ಲಿರಲಿ. ಆ ಪಟ್ಟಿಯಲ್ಲಿರುವ ಉಳಿದ ಇಬ್ಬರು ಯಾರು ಅಂತ ನೋಡಿ, ಅವರಿಗೂ ತಿಳಿಸಿ. ಅವರ ಪುಟದಲ್ಲೂ ಇದೇ ಜಾಗ ಖಾಲಿ ಇರುತ್ತದೆ, ನೋಡು ಬೇಕಾದರೆ.

ಇಷ್ಟಾದ ಮೇಲೂ ವಸೂಲಿ ಆದೇಶ ಮಾಡಿದರೆ ಕೆಎಟಿಗೆ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ) ಹೋಗಬಹುದು. ಅಂತಿಮ ಆದೇಶ ಆದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅಲ್ಲಿವರೆಗೆ ಹೋಗಲಿಕ್ಕಿಲ್ಲ.

ಜಗಳೂರಿನವಳು

ಸೇವಾ ವಹಿ ತೋರಿಸುವುದಿಲ್ಲ ಅನ್ನುವ ಕಡೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಕಲು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ನಿಮ್ಮದೇ ವಹಿ, ಸಂಕೋಚ ಬೇಡ.

ಮಂಡಿಪೇಟೆ

ತಂಗಿ, ಆ ಒಂದು ಹಾಳೆ ಸಿಗದೇ ಹೋಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತಿದ್ದೆ. ಅಪ್ಪನಿಗೆ ಒಳ್ಳೆಯದಾಗಲಿ.

ಹಳೇ ಸಿಬ್ಬಂದಿ ಶಾಖೆ

ಸಿಗದಿದ್ದರೂ ದಾರಿ ಇತ್ತು ಸ್ವಾಮಿ. ಹಕ್ಕು ಇದ್ದಲ್ಲಿ ಕಾರ್ಯೋತ್ತರ ಮಂಜೂರಾತಿ, ಅಂದರೆ ಕೊಟ್ಟಾದ ಮೇಲೆ ಒಪ್ಪಿಗೆ, ಕೇಳಬಹುದು. ಆದರೆ ಏಳು ತಿಂಗಳಲ್ಲಿ ಅದು ಓಡಾಡಿ ಬರುವುದು ಕಷ್ಟ. ಪಿಂಚಣಿ ತಡವಾಗುತ್ತಿತ್ತು.

ಮಗಳೇ, ಇನ್ನೊಂದು ನೋಡು. 1991ರಿಂದ 97ರವರೆಗೆ ಚಿತ್ರದುರ್ಗದ ಸೇವೆಗೆ ವರ್ಷವಾರು ಪರಿಶೀಲನೆ ಷರಾ, ಅಂದರೆ ಆ ವರ್ಷದ ಸೇವೆ ಪರಿಶೀಲಿಸಿದೆ ಅನ್ನುವ ಟಿಪ್ಪಣಿ, ಇದೆಯಾ? ಜಿಲ್ಲೆ ಒಡೆದಾಗ ಬಂದ ಎಷ್ಟೋ ವಹಿಗಳಲ್ಲಿ ಅದು ಬಿಟ್ಟು ಹೋಗಿರುವುದನ್ನು ನಾನೇ ನೋಡಿದ್ದೇನೆ. ಮುಂದಿನ ಆಕ್ಷೇಪಣೆ ಅಲ್ಲಿಂದಲೇ ಬರುತ್ತದೆ.

ಕುಂದುವಾಡ ರಸ್ತೆ

ಸರ್, ಈಗಷ್ಟೇ ಮೊಬೈಲ್‌ನಲ್ಲಿ ತೆಗೆದ ಫೋಟೋ ನೋಡಿದೆ. 1995 ಮತ್ತು 96ಕ್ಕೆ ಷರಾ ಇಲ್ಲ. ಅಪ್ಪನಿಗೆ ಹೇಳಿದೆ. ಸೋಮವಾರ ಬೆಳಗ್ಗೆ ಚಿತ್ರದುರ್ಗಕ್ಕೆ ಹೋಗೋಣ ಅಂದರು. ಆಗ ತಾವು ಗಾಡಿ ಓಡಿಸುತ್ತಿದ್ದ ಆಫೀಸು, ಬೀರು ಎಲ್ಲಿತ್ತು ಅಂತ ಈಗಲೂ ನೆನಪಿದೆಯಂತೆ. ರಾತ್ರಿ ಎರಡು ರೊಟ್ಟಿ ತಿಂದರು.